ಎಶಾನೆಸ್‌ಗೆ ಹೋಗುವುದು ಹೇಗೆ? ಗಾಳಿಗೂ ಒಂದು ದಿನ ಇಟ್ಟುಕೊಳ್ಳಿ

ಮೊದಲ ಸಲ ಎಶಾನೆಸ್‌ಗೆ ಹೋದಾಗ ನಾವು ಕಾರಿನಿಂದ ಇಳಿಯಲೇ ಇಲ್ಲ. ಲೈಟ್‌ಹೌಸ್ ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದೆವು. ಗಾಳಿಗೆ ಇಡೀ ಕಾರು ಅಲ್ಲಾಡುತ್ತಿತ್ತು. ಬಂಡೆಯ ಅಂಚಿನಿಂದ ನೊರೆ ಹಾರಿ ಬಂದು ಗಾಜಿಗೆ ಬಡಿಯುತ್ತಿತ್ತು. ಅರ್ಧ ಗಂಟೆ ಕೂತು ವಾಪಸ್ ಹೊರಟೆವು, ಯಾಕೆಂದರೆ ಅಂದೇ ಸಂಜೆ ನಮ್ಮ ಹಡಗಿತ್ತು. ಎರಡನೇ ಸಲ ಮೂರು ದಿನ ಇಟ್ಟುಕೊಂಡು ಹೋದೆ. ಎರಡನೇ ದಿನ ಬೆಳಗ್ಗೆ ಗಾಳಿ ಇಳಿಯಿತು. ಆ ಒಂದು ದಿನ ಸಿಕ್ಕಿದ್ದಕ್ಕೆ ಈ ಲೇಖನ ಬರೆಯುತ್ತಿದ್ದೇನೆ.

ಎಶಾನೆಸ್ ಇರುವುದು ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ. ಬ್ರಿಟನ್ನಿನ ಭೂಪಟದಲ್ಲಿ ತೀರಾ ಮೇಲೆ, ಎಷ್ಟೋ ಸಲ ಜಾಗ ಸಾಲದೆ ಒಂದು ಚಿಕ್ಕ ಚೌಕದಲ್ಲಿ ಹಾಕಿರುತ್ತಾರಲ್ಲ, ಅದೇ. ಸುಮಾರು 100 ದ್ವೀಪಗಳು. ಜನ ಇರುವುದು 16ರಲ್ಲಿ. ಒಟ್ಟು ಜನಸಂಖ್ಯೆ 23 ಸಾವಿರದ ಆಸುಪಾಸು. ದೊಡ್ಡ ದ್ವೀಪಕ್ಕೆ ಮೇನ್‌ಲ್ಯಾಂಡ್ ಎಂದು ಹೆಸರು. ಅದರ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಕಡೆಗೆ ಮುಖ ಮಾಡಿ ನಿಂತ ಕರಿಬಂಡೆಯ ತುದಿಯೇ ಎಶಾನೆಸ್.

ಮೊದಲು ವೀಸಾ ಮತ್ತು ತಿಂಗಳು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವಿಸಿಟರ್ ವೀಸಾ ಬೇಕು. ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಪ್ರಯಾಣಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬ್ರಿಟನ್ ಒಳಗೆ ಬಂದ ಮೇಲೆ ಶೆಟ್‌ಲ್ಯಾಂಡ್‌ಗೆ ಬೇರೆ ಅನುಮತಿ ಏನೂ ಬೇಡ. ಅದು ಸ್ಕಾಟ್ಲೆಂಡಿನದೇ ಭಾಗ.

ಯಾವಾಗ ಹೋಗಬೇಕು? ನನ್ನ ಮಟ್ಟಿಗೆ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ. ಆಗ ಹಕ್ಕಿಗಳು ಗೂಡಿನಲ್ಲಿರುತ್ತವೆ. ಬಂಡೆಯ ನೆತ್ತಿಯ ಮೇಲೆ ಗುಲಾಬಿ ಬಣ್ಣದ ಸಣ್ಣ ಹೂಗಳು ಹಾಸಿರುತ್ತವೆ. ಜೂನ್‌ನಲ್ಲಿ ಹಗಲು ಸುಮಾರು 19 ಗಂಟೆ. ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ. ಆ ಮಬ್ಬು ಬೆಳಕಿಗೆ ಅಲ್ಲಿನವರು ‘ಸಿಮ್ಮರ್ ಡಿಮ್’ ಎನ್ನುತ್ತಾರೆ. ಡಿಸೆಂಬರ್‌ನಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಬಿರುಗಾಳಿಯನ್ನೇ ನೋಡಬೇಕು ಎನ್ನುವವರು ಚಳಿಗಾಲದಲ್ಲೂ ಬರುತ್ತಾರೆ. ಮೊದಲ ಸಲಕ್ಕೆ ಅದು ಬೇಡ.

ಬೇಸಿಗೆ ಎಂದರೆ ನಮ್ಮ ಬೇಸಿಗೆ ಅಂದುಕೊಳ್ಳಬೇಡಿ. ಜುಲೈ ಮಧ್ಯಾಹ್ನವೂ 12ರಿಂದ 15 ಡಿಗ್ರಿ ಅಷ್ಟೇ. ಗಾಳಿ ಸೇರಿದರೆ ಇನ್ನೂ ಕಡಿಮೆ ಅನ್ನಿಸುತ್ತದೆ. ಕಿವಿ ಮುಚ್ಚುವ ಟೋಪಿ, ಕೈಗವಸು, ಗಾಳಿ ಮತ್ತು ಮಳೆ ಎರಡನ್ನೂ ತಡೆಯುವ ಜಾಕೆಟ್, ಕಾಲ್ಗಿಣ್ಣು ಹಿಡಿಯುವ ಬೂಟು ಇಷ್ಟು ಬೇಕೇ ಬೇಕು. ಛತ್ರಿ ಬಿಟ್ಟು ಬನ್ನಿ. ಬಿಚ್ಚಿದ ಕ್ಷಣವೇ ಮುರಿಯುತ್ತದೆ.

ಹಡಗೋ ವಿಮಾನವೋ

ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನ್, ಇನ್ವರ್‌ನೆಸ್ ಊರುಗಳಿಂದ ಸಣ್ಣ ವಿಮಾನಗಳು ಶೆಟ್‌ಲ್ಯಾಂಡಿನ ದಕ್ಷಿಣ ತುದಿಯ ಸಂಬರಾ ನಿಲ್ದಾಣಕ್ಕೆ ಬರುತ್ತವೆ. ಮಂಜು ಕವಿದರೆ ಇಳಿಯಲಾಗದೆ ವಾಪಸ್ ಹೋಗುವುದೂ ಉಂಟು. ನನಗೆ ಹಡಗೇ ಇಷ್ಟ. ಅಬರ್ಡೀನ್‌ನಿಂದ ದಿನಾ ರಾತ್ರಿ ಹಡಗಿದೆ. ನೇರವಾಗಿ ಹೋಗುವುದು ಸಂಜೆ 7ಕ್ಕೆ ಹೊರಡುತ್ತದೆ. ದಾರಿಯಲ್ಲಿ ಆರ್ಕ್ನಿ ದ್ವೀಪಗಳ ಕರ್ಕ್‌ವಾಲ್ ಊರು ಮುಟ್ಟಿ ಹೋಗುವುದು 5ಕ್ಕೇ ಹೊರಡುತ್ತದೆ. ಎರಡೂ ಮರುದಿನ ಬೆಳಗ್ಗೆ 7.30ರ ಹೊತ್ತಿಗೆ ಶೆಟ್‌ಲ್ಯಾಂಡಿನ ಮುಖ್ಯ ಊರಾದ ಲರ್ವಿಕ್ ಸೇರುತ್ತವೆ. ಯಾವ ದಿನ ಯಾವುದು ಎಂದು ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ಮಲಗುವ ಕೋಣೆಗಳು ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತವೆ. ಕೋಣೆ ಸಿಗದಿದ್ದರೆ ಒರಗಿಕೊಳ್ಳುವ ಕುರ್ಚಿಗಳಿವೆ.

ಸಮುದ್ರ ಒಗ್ಗದವರು ವಾಂತಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಮಕ್ಕಳಿದ್ದರೆ ಇದನ್ನು ಮರೆಯಲೇಬೇಡಿ.

ಕಾರು, ಊಟ, ರಸ್ತೆ

ಲರ್ವಿಕ್‌ನಿಂದ ಎಶಾನೆಸ್‌ಗೆ ಹೆಚ್ಚುಕಡಿಮೆ 60 ಕಿಲೋಮೀಟರ್, ಕಾರಿನಲ್ಲಿ ಒಂದು ಗಂಟೆಯ ದಾರಿ. ಲೈಟ್‌ಹೌಸ್ ಬುಡದವರೆಗೂ ರಸ್ತೆ ಇದೆ. ಎಶಾನೆಸ್ ಹತ್ತಿರದ ಹಿಲ್ಸ್‌ವಿಕ್ ಊರಿನ ಕಡೆಗೆ ಬಸ್ಸಿದೆ, ಆದರೆ ತೀರಾ ಕಡಿಮೆ. ಅದನ್ನು ನಂಬಿಕೊಂಡರೆ ನಡಿಗೆಗೆ ಸಮಯ ಉಳಿಯುವುದಿಲ್ಲ. ಬಾಡಿಗೆ ಕಾರೇ ಒಳ್ಳೆಯದು. ನಮ್ಮ ಭಾರತದ ಲೈಸೆನ್ಸ್ ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ನಡೆಯುತ್ತದೆ. ಓಡಿಸುವುದೂ ನಮ್ಮ ಹಾಗೆ ಎಡಗಡೆ.

ಬ್ರೇ ಎಂಬ ಊರಿನಲ್ಲಿ ನಿಲ್ಲಿಸಿ. ದಾರಿಯಲ್ಲಿ ಸರಿಯಾದ ಅಂಗಡಿ, ಪೆಟ್ರೋಲ್ ಸಿಗುವ ಕೊನೆಯ ದೊಡ್ಡ ಊರು ಅದೇ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದೇ ಸರಿ. ಚಪಾತಿ ಸುತ್ತಿಕೊಂಡು, ಫ್ಲಾಸ್ಕಿನಲ್ಲಿ ಬಿಸಿ ಚಹಾ ತುಂಬಿಕೊಂಡರೆ ಸಾಕು. ಆ ಗಾಳಿಯಲ್ಲಿ ಒಂದು ಗುಟುಕು ಬಿಸಿ ಚಹಾ ಕುಡಿದ ಮೇಲೆ ಫ್ಲಾಸ್ಕ್ ಹೊತ್ತಿದ್ದು ಭಾರ ಅನ್ನಿಸುವುದಿಲ್ಲ.

ಬ್ರೇ ದಾಟಿದ ಸ್ವಲ್ಪ ಹೊತ್ತಿಗೆ ಮೇವಿಸ್ ಗ್ರಿಂಡ್ ಬರುತ್ತದೆ. ಇಲ್ಲಿ ಇಳಿದು ಐದು ನಿಮಿಷ ನಿಲ್ಲಿ. ನೆಲ ಸೊಂಟ ಹಿಡಿದಂತೆ ಕಿರಿದಾಗಿ ಸುಮಾರು 33 ಮೀಟರ್ ಅಷ್ಟೇ ಉಳಿಯುತ್ತದೆ. ಒಂದು ಕಡೆ ಉತ್ತರ ಸಮುದ್ರ, ಇನ್ನೊಂದು ಕಡೆ ಅಟ್ಲಾಂಟಿಕ್. ಹಿಂದೆ ನಾರ್ವೆ ಕಡೆಯಿಂದ ಬಂದು ನೆಲೆಸಿದ್ದ ನಾರ್ಸ್ ಜನ ಸುತ್ತು ಬಳಸುವ ಬದಲು ದೋಣಿಗಳನ್ನು ಇಲ್ಲೇ ನೆಲದ ಮೇಲೆ ಎಳೆದು ದಾಟಿಸುತ್ತಿದ್ದರಂತೆ. ಅವರ ಮಾತಿನಲ್ಲಿ ಗ್ರಿಂಡ್ ಎಂದರೆ ಗೇಟು. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಗ್ರಿಂಡ್ ಇದೆ.

ಆಮೇಲೆ ಒಂದೇ ಗಾಡಿ ಹೋಗುವಷ್ಟು ರಸ್ತೆ. ಅಲ್ಲಲ್ಲಿ ದಾರಿ ಬಿಟ್ಟುಕೊಡಲು ಅಗಲ ಮಾಡಿದ ಜಾಗಗಳಿವೆ. ಎದುರು ಗಾಡಿ ಕಂಡರೆ ಹತ್ತಿರದವರು ಅಲ್ಲಿ ನಿಂತು ದಾರಿ ಬಿಡುತ್ತಾರೆ. ದಾಟುವಾಗ ಕೈ ಎತ್ತಿ ಧನ್ಯವಾದ ಹೇಳುವುದು ಅಲ್ಲಿನ ವಾಡಿಕೆ. ಫೋಟೊಗೆಂದು ಆ ಜಾಗದಲ್ಲಿ ಕಾರು ನಿಲ್ಲಿಸಬೇಡಿ. ಮೇ, ಜೂನ್‌ನಲ್ಲಿ ಕುರಿಮರಿಗಳು ಜಾಸ್ತಿ. ರಸ್ತೆಯ ಒಂದು ಬದಿ ತಾಯಿ, ಇನ್ನೊಂದು ಬದಿ ಮರಿ ಕಂಡರೆ ಕಾರು ಪೂರ್ತಿ ನಿಧಾನ ಮಾಡಿ. ಮರಿ ಖಂಡಿತ ಅಡ್ಡ ಓಡುತ್ತದೆ.

ಇಳಿಯುವ ಮೊದಲು ಗಾಳಿ ನೋಡಿ

ಇದೇ ಮುಖ್ಯವಾದ ಹೆಜ್ಜೆ. ಹಿಂದಿನ ರಾತ್ರಿಯೇ ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್‌ನ ಮುನ್ಸೂಚನೆ ತೆರೆದು ನೋಡಿ. ಮಳೆಯ ಚಿತ್ರ ಬಿಡಿ, ಗಾಳಿಯ ಅಂಕಿ ನೋಡಿ. ಅದರಲ್ಲೂ ಬೀಸು ಗಾಳಿಯ, ಅಂದರೆ ಇದ್ದಕ್ಕಿದ್ದಂತೆ ಜೋರಾಗಿ ನುಗ್ಗುವ ಗಾಳಿಯ (gust) ವೇಗಕ್ಕೆ ಬೇರೆ ಅಂಕಿ ಕೊಟ್ಟಿರುತ್ತಾರೆ, ಅದನ್ನು ನೋಡಿ. ನಾನು ಇಟ್ಟುಕೊಂಡ ಲೆಕ್ಕ ಇಷ್ಟು: ಬೀಸು ಗಾಳಿ ಗಂಟೆಗೆ 30 ಮೈಲಿ ದಾಟಿದರೆ ಅಂಚಿನ ಹತ್ತಿರ ಹೋಗುವುದಿಲ್ಲ, 40 ದಾಟಿದರೆ ನಡಿಗೆಗೇ ಹೊರಡುವುದಿಲ್ಲ. ಆ ದಿನ ಬೇರೆ ಏನಾದರೂ ನೋಡಿ. ದಾರಿಯಲ್ಲೇ ಟ್ಯಾಂಗ್‌ವಿಕ್ ಹಾ ಎಂಬ ಹಳೆಯ ಜಮೀನ್ದಾರರ ಮನೆ ಇದೆ. 17ನೇ ಶತಮಾನದ್ದು. ಈಗ ಆ ಭಾಗದ ಜನರ ಬದುಕು ತೋರಿಸುವ ಮ್ಯೂಸಿಯಂ. ಬೇಸಿಗೆಯಲ್ಲಿ ತೆರೆದಿರುತ್ತದೆ. ಇದಕ್ಕೇ ನಾನು ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ ಎನ್ನುವುದು. ಅಷ್ಟು ದೂರ ಬಂದೆವಲ್ಲ ಅಂತ ಬಿರುಗಾಳಿಯಲ್ಲಿ ಅಂಚಿಗೆ ಹೋಗುವ ಆಸೆ ಯಾರಿಗಾದರೂ ಬರುತ್ತದೆ. ಕೈಯಲ್ಲಿ ಇನ್ನೊಂದು ದಿನ ಇದ್ದರೆ ಆ ಆಸೆ ತಡೆಯುವುದು ಸುಲಭ.

ಗಾಳಿ ಇಲ್ಲದ ದಿನವೂ ದೊಡ್ಡ ಅಲೆ ಬರಬಹುದು. ಅಟ್ಲಾಂಟಿಕ್‌ನಲ್ಲಿ ಎಲ್ಲೋ ದೂರ ಎದ್ದ ಬಿರುಗಾಳಿಯ ಅಲೆ ಎರಡು ದಿನ ಬಿಟ್ಟು ಇಲ್ಲಿ ಬಂದು ಬಡಿಯುತ್ತದೆ. ಹಾಗಾಗಿ ಮೊದಲು ಹತ್ತು ನಿಮಿಷ ಸುಮ್ನೆ ನಿಂತು ಸಮುದ್ರ ನೋಡಿ.

ಕಾರು ನಿಲ್ಲಿಸುವಾಗ ಮೂತಿ ಗಾಳಿಗೆ ಎದುರಾಗಿರಲಿ. ಬಾಗಿಲನ್ನು ಎರಡು ಕೈಯಲ್ಲೂ ಹಿಡಿದು ತೆರೆಯಿರಿ. ಎರಡೂ ಬದಿಯ ಬಾಗಿಲು ಒಟ್ಟಿಗೆ ತೆರೆಯಬೇಡಿ. ಗಾಳಿ ಬಾಗಿಲನ್ನು ಹಿಂದಕ್ಕೆ ಮುರಿದು ಹಾಕುವುದು ಇಲ್ಲಿ ಹೊಸದೇನಲ್ಲ.

ನಡಿಗೆ

ಲೈಟ್‌ಹೌಸ್‌ನಿಂದಲೇ ಶುರು. 1929ರಲ್ಲಿ ಕಟ್ಟಿದ್ದು. ಸ್ಕಾಟ್ಲೆಂಡಿನ ದೀಪಸ್ತಂಭಗಳನ್ನು ತಲೆಮಾರುಗಳ ಕಾಲ ಕಟ್ಟಿದ ಸ್ಟೀವನ್‌ಸನ್ ಮನೆತನದ ಕೊನೆಯ ಕೆಲಸಗಳಲ್ಲಿ ಒಂದು. ಗುಂಡಗಿಲ್ಲ, ಚೌಕಾಕಾರ. ಎತ್ತರ 12 ಮೀಟರ್ ಅಷ್ಟೇ. ಅಲ್ಲಿನ ಕಲ್ಲು ಕಟ್ಟಡಕ್ಕೆ ಆಗಿಬರಲಿಲ್ಲ, ಕಾಂಕ್ರೀಟ್ ಹಾಕಿದರು. ಕೆಳಗೆ ಬಂಡೆಯೇ ಅಷ್ಟು ಎತ್ತರ ಇರುವಾಗ ಗೋಪುರ ಗಿಡ್ಡ ಇದ್ದರೂ ಬೆಳಕು ದೂರಕ್ಕೆ ಕಾಣುತ್ತದೆ. 1974ರಿಂದ ಕಾವಲುಗಾರರಿಲ್ಲ, ದೀಪ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಉತ್ತರಕ್ಕೆ ಕೆಲವೇ ಹೆಜ್ಜೆಗೆ ಕ್ಯಾಲ್ಡರ್ಸ್ ಗ್ಯೋ. ಗ್ಯೋ ಎಂದರೆ ಸಮುದ್ರ ನೆಲದೊಳಗೆ ಕೊರೆದ ಕಡಿದಾದ ಕಂದರ. ಅದರ ಗೋಡೆಗಳನ್ನು ಗಮನಿಸಿ. ಕಪ್ಪು, ಕೆಂಪು, ಬೂದು ಪದರಗಳು ಒಂದರ ಮೇಲೊಂದು ಕೂತಿವೆ. ಸುಮಾರು 40 ಕೋಟಿ ವರ್ಷದ ಹಿಂದೆ ಇಲ್ಲಿ ಜ್ವಾಲಾಮುಖಿ ಇತ್ತು. ಒಮ್ಮೆ ಲಾವಾ ಹರಿಯಿತು, ಒಮ್ಮೆ ಬೂದಿ ಉದುರಿತು, ಮತ್ತೆ ಲಾವಾ. ಸಮುದ್ರ ಆ ಬೆಟ್ಟವನ್ನು ಪಕ್ಕೆಯಿಂದ ಕೊಯ್ದು ಒಳಗಿನದ್ದನ್ನು ತೋರಿಸಿದೆ. ಜ್ವಾಲಾಮುಖಿಯ ಹೊಟ್ಟೆಯನ್ನು ಇಷ್ಟು ಸಲೀಸಾಗಿ, ಕಾರಿನಿಂದ ಎರಡು ನಿಮಿಷದ ದೂರದಲ್ಲಿ ನೋಡುವ ಅವಕಾಶ ಎಷ್ಟು ಕಡೆ ಸಿಗುತ್ತದೆ ಹೇಳಿ.

ಇಲ್ಲಿ ಬೇಲಿ ಇಲ್ಲ. ಅಂಚಿನವರೆಗೂ ಹಸಿರು ಹುಲ್ಲು. ಎಷ್ಟೋ ಕಡೆ ಆ ಹುಲ್ಲಿನ ಕೆಳಗೆ ಬಂಡೆಯೇ ಇರುವುದಿಲ್ಲ, ಮಣ್ಣು ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಒದ್ದೆ ಹುಲ್ಲು ಸಾಬೂನಿನ ಹಾಗೆ ಜಾರುತ್ತದೆ. ಅಂಚಿನಿಂದ ಐದಾರು ಹೆಜ್ಜೆ ಹಿಂದೆಯೇ ನಿಲ್ಲಿ. ಸೆಲ್ಫಿಗೆ ಬೆನ್ನು ತಿರುಗಿಸಿ ಹಿಂದೆ ಸರಿಯಬೇಡಿ. ಮಕ್ಕಳ ಕೈ ಬಿಡಬೇಡಿ. ಏನಾದರೂ ಆದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಎಂದು ಹೇಳಬೇಕು. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ. ಆದ್ದರಿಂದ ಎಲ್ಲಿಗೆ ಹೋಗುತ್ತೀರಿ, ಯಾವಾಗ ವಾಪಸ್ ಎಂದು ಉಳಿದುಕೊಂಡ ಮನೆಯವರಿಗೆ ಹೇಳಿ ಹೊರಡಿ.

ಮುಂದೆ ಹೌಲ್ಯಾಂಡ್ ಕೆರೆ. ಅದರಲ್ಲಿ ಬ್ರಾಕ್ ಎಂಬ ದುಂಡನೆಯ ಕಲ್ಲುಕೋಟೆಯ ಅವಶೇಷ ಇದೆ. ಕಬ್ಬಿಣದ ಯುಗದ್ದು. ಕೆರೆಯಿಂದ ಹೊರಟ ಸಣ್ಣ ತೊರೆ ಹಳೆಯ ನೀರುಗಿರಣಿಗಳ ಪಕ್ಕ ಹರಿದು ಇದ್ದಕ್ಕಿದ್ದಂತೆ ಒಂದು ಹಳ್ಳದೊಳಗೆ ಬೀಳುತ್ತದೆ. ಅದು ಹೋಲ್ಸ್ ಆಫ್ ಸ್ಕ್ರಾಡಾ. ಹುಲ್ಲುಗಾವಲಿನ ನಡುವೆ ದೊಡ್ಡ ಗುಂಡಿ, ಅದರ ತಳದಲ್ಲಿ ಸಮುದ್ರ! ಹೊರಗಿನ ಬಂಡೆಯಿಂದ ನೂರು ಮೀಟರ್‌ನಷ್ಟು ಉದ್ದದ ಸುರಂಗ ಇಲ್ಲಿಗೆ ಬರುತ್ತದೆ. ಸುರಂಗದ ಚಾವಣಿ ಕುಸಿದು ಈ ಗುಂಡಿ ಆಯಿತು. ಹಿಂದೆ ಎರಡು ಗುಂಡಿ ಇದ್ದವು, ನಡುವಿನ ನೆಲದ ಸೇತುವೆಯೂ ಬಿದ್ದು ಒಂದಾಯಿತು. ಹೆಸರಿನಲ್ಲಿ ಮಾತ್ರ ಇನ್ನೂ ಎರಡಿವೆ. ಕಣ್ಣು ಮುಚ್ಚಿ ನಿಂತರೆ ಕಾಲ ಕೆಳಗಿನಿಂದ ಅಲೆಯ ಸದ್ದು ಬರುತ್ತದೆ.

ಇನ್ನೂ ಸ್ವಲ್ಪ ಉತ್ತರಕ್ಕೆ ಹೋದರೆ ಗ್ರಿಂಡ್ ಒ ದ ನಾವಿರ್. ಎರಡನೇ ಗೇಟು. ಬಂಡೆಯ ಗೋಡೆಯಲ್ಲಿ ದೊಡ್ಡ ಬಾಗಿಲು ತೆರೆದ ಹಾಗಿದೆ. ಸಮುದ್ರ ಮಟ್ಟದಿಂದ ಸುಮಾರು 15 ಮೀಟರ್ ಮೇಲೆ. ಬಿರುಗಾಳಿಯ ದಿನ ಅಲೆ ಈ ಬಾಗಿಲೊಳಗೆ ನುಗ್ಗಿ ಬಂಡೆಯ ಚಪ್ಪಡಿಗಳನ್ನು ಕಿತ್ತು ಒಳಗಡೆ ಎಸೆಯುತ್ತದೆ. ಹಾಗೆ ಬಿದ್ದ ಕಲ್ಲುಗಳು ಹಿಂದೆ ದಿಬ್ಬ ದಿಬ್ಬವಾಗಿ ಕೂತಿವೆ. ಅವುಗಳಲ್ಲಿ ಕೆಲವು ಒಬ್ಬ ಮನುಷ್ಯ ಅಲುಗಾಡಿಸಲೂ ಆಗದಷ್ಟು ದೊಡ್ಡವು. ಎರಡನೇ ಸಲ ಹೋದಾಗ ಸಮುದ್ರ ಶಾಂತವಾಗಿತ್ತು. ನಾನು ಆ ಕಲ್ಲುಗಳ ನಡುವೆ ಬಹಳ ಹೊತ್ತು ಕೂತಿದ್ದೆ. ಹಿಂದಿನ ಸಲ ಕಾರು ಅಲ್ಲಾಡಿಸಿದ ಗಾಳಿ ಏನು ಮಾಡಬಲ್ಲದು ಎಂದು ಅಲ್ಲಿ ಕೂತಾಗಲೇ ಗೊತ್ತಾಗಿದ್ದು. ಅಲೆ ದೊಡ್ಡದಿರುವ ದಿನ ಈ ಬಾಗಿಲ ಹತ್ತಿರ ಸುಳಿಯಬೇಡಿ.

ಹೋಗಿ ಬರಲು ಒಟ್ಟು ಐದಾರು ಕಿಲೋಮೀಟರ್. ಎರಡೂವರೆ ಗಂಟೆ ಸಾಕು ಎನ್ನುತ್ತಾರೆ. ನಾಲ್ಕು ಗಂಟೆ ಇಟ್ಟುಕೊಳ್ಳಿ. ಇಡೀ ಜಾಗ ಕುರಿ ಮೇಯುವ ಹೊಲ. ಸ್ಕಾಟ್ಲೆಂಡಿನ 2003ರ ಕಾನೂನಿನಂತೆ ಜವಾಬ್ದಾರಿಯಿಂದ ನಡೆಯುವವರಿಗೆ ಇಂಥ ಹೊಲಗಳಲ್ಲಿ ಓಡಾಡುವ ಹಕ್ಕಿದೆ. ನಾವು ತೆರೆದ ಗೇಟನ್ನು ಮತ್ತೆ ಮುಚ್ಚಿ ಹೋಗುವುದು ನಮ್ಮ ಕೆಲಸ.

ಹಕ್ಕಿಗಳಿಗೆ ದಾರಿ ಬಿಡಿ

ಬಂಡೆಯ ಗೋಡೆಯಲ್ಲಿ ಫುಲ್ಮಾರ್ ಎಂಬ ಕಡಲಹಕ್ಕಿಗಳು ಗೂಡು ಮಾಡುತ್ತವೆ. ಹತ್ತಿರ ಹೋದರೆ ಬಾಯಿಂದ ಎಣ್ಣೆಯಂಥದ್ದನ್ನು ಉಗಿಯುತ್ತವೆ. ಬಟ್ಟೆಗೆ ಬಿದ್ದರೆ ಆ ವಾಸನೆ ಹೋಗುವುದೇ ಇಲ್ಲ. ಕಂದು ಬಣ್ಣದ ದೊಡ್ಡ ಹಕ್ಕಿ ತಲೆಯ ಮೇಲೆ ಎರಗಿ ಬಂದರೆ ಅದು ಬಾಂಕ್ಸಿ. ಅದರ ಗೂಡು ಹತ್ತಿರದಲ್ಲಿದೆ ಎಂದು ಅರ್ಥ. ಕೋಲನ್ನೋ ಕೈಯನ್ನೋ ತಲೆಯ ಮೇಲೆ ಎತ್ತಿ ಹಿಡಿದು, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಹೊಡೆಯಬೇಡಿ. 2021ಕ್ಕೂ ಮೊದಲು ಪ್ರಪಂಚದ ಬಾಂಕ್ಸಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕಾಟ್ಲೆಂಡಿನಲ್ಲೇ ಮರಿ ಮಾಡುತ್ತಿದ್ದವು. 2021 ಮತ್ತು 22ರಲ್ಲಿ ಹಕ್ಕಿಜ್ವರಕ್ಕೆ ಅವು ರಾಶಿ ರಾಶಿ ಸತ್ತವು. ಉಳಿದವು ನೆಮ್ಮದಿಯಾಗಿ ಮರಿ ಮಾಡಲಿ. ಪಫಿನ್ ಎಂಬ ಕಡಲಹಕ್ಕಿ ನೋಡಲೇಬೇಕು ಎನ್ನುವವರಿಗೆ ಸಂಬರಾ ಹೆಡ್ ಇನ್ನೂ ಒಳ್ಳೆಯ ಜಾಗ. ಆಗಸ್ಟ್ ಮೊದಲ ವಾರಕ್ಕೆ ಅವು ಕಡಲಿಗೆ ಹೊರಟುಹೋಗುತ್ತವೆ.

ವಾಪಸ್ ಬರುವಾಗ

ಕ್ರಾಸ್ ಕರ್ಕ್ ಎಂಬ ಹಳೆಯ ಸ್ಮಶಾನದಲ್ಲಿ ಜಾನ್ ವಿಲಿಯಮ್ಸನ್ ಸಮಾಧಿ ಇದೆ. ಊರವರು ಅವನನ್ನು ಜಾನಿ ನೋಷನ್ಸ್ ಎಂದು ಕರೆಯುತ್ತಿದ್ದರು. 18ನೇ ಶತಮಾನದವನು, ವೈದ್ಯಕೀಯ ಓದಿದವನಲ್ಲ. ಸಿಡುಬಿನ ಕೀವನ್ನು ಪೀಟ್ (ಒಣಗಿಸಿ ಉರಿಸುವ ಜೌಗು ಮಣ್ಣು) ಹೊಗೆಯಲ್ಲಿ ಒಣಗಿಸಿ, ಕರ್ಪೂರದ ಜೊತೆ ಇಟ್ಟು ನೆಲದಲ್ಲಿ ಹೂಳುತ್ತಿದ್ದ. ಏಳೆಂಟು ವರ್ಷ ಬಿಟ್ಟು ತೆಗೆದರೂ ಅದು ಕೆಲಸ ಮಾಡುತ್ತಿತ್ತಂತೆ. ಚರ್ಮದಡಿ ಅದನ್ನು ಸ್ವಲ್ಪ ಇಟ್ಟು ಮೇಲೆ ಕೋಸಿನ ಎಲೆ ಅಂಟಿಸುತ್ತಿದ್ದ. ಹೀಗೆ ಸಾವಿರಾರು ಜನರನ್ನು ಸಿಡುಬಿನಿಂದ ಕಾಪಾಡಿದ. ಐದು ನಿಮಿಷ ಅವನ ಹತ್ತಿರ ನಿಂತು ಬನ್ನಿ.

ಆಮೇಲೆ ಸ್ಟೆನ್ನೆಸ್ ತೀರ. ಆರು ಹುಟ್ಟಿನ ತೆರೆದ ದೋಣಿಗಳಲ್ಲಿ ಇಲ್ಲಿಂದ ಜನ 30–40 ಮೈಲಿ ಆಚೆಗೆ ಮೀನಿಗೆ ಹೋಗುತ್ತಿದ್ದರು. ಹಿಡಿದ ಮೀನನ್ನು ಈ ಬೆಣಚುಕಲ್ಲಿನ ಮೇಲೆ ಒಣಗಿಸುತ್ತಿದ್ದರು. ಅವರು ತಂಗುತ್ತಿದ್ದ ಗುಡಿಸಲುಗಳ ಕಲ್ಲುಗೋಡೆ ಇನ್ನೂ ಇವೆ. ಎದುರು ನೀರಿನಲ್ಲಿ ಡೋರ್ ಹೋಮ್ ಎಂಬ ಕಮಾನು ಬಂಡೆ ಕಾಣುತ್ತದೆ. ತಲೆ ಬಗ್ಗಿಸಿ ನೀರು ಕುಡಿಯುವ ಕುದುರೆಯಂತೆ.

ಜೂನ್ ಕೊನೆಯಲ್ಲಾದರೆ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆಗೆ. ಹಡಗಿನ ಅವಸರ ಇಲ್ಲದಿದ್ದರೆ ಮತ್ತೆ ಲೈಟ್‌ಹೌಸ್‌ಗೆ ಹೋಗಿ ಪಶ್ಚಿಮಕ್ಕೆ ಮುಖ ಮಾಡಿ ಕೂರಿ. ಹೊರಡುವಾಗ ಕಾರು ನಿಧಾನ ಇರಲಿ. ಆ ಹೊತ್ತಿಗೆ ಕುರಿಗಳು ಡಾಂಬರಿನ ಬಿಸಿಗೆ ರಸ್ತೆಯ ಮೇಲೇ ಮಲಗಿರುತ್ತವೆ.