ಮಧ್ಯಪದವನ್ನು ನಾನು ಕಲಿಸಿದ ಬಗೆ

ರಾಯಚೂರು ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಡುವ ನಾನು, ಮೊದಲ ಕೆಲವು ವರ್ಷ ನಿಯಮಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಎರಡು ಆಧಾರವಾಕ್ಯ, ಒಂದು ತೀರ್ಮಾನ ಇರುವ ಅನುಮಾನಕ್ಕೆ ಒಟ್ಟು 256 ರೂಪಗಳಿದ್ದು, ಸಾಂಪ್ರದಾಯಿಕ ತರ್ಕವು ಸರಿಯೆನ್ನುವುದು 24 ಮಾತ್ರ. ಅಷ್ಟನ್ನೂ ನೆನಪಿಟ್ಟ ಮಕ್ಕಳು ಎದುರಿಗಿದ್ದ ತಪ್ಪು ವಾದವನ್ನು ಗುರುತಿಸುತ್ತಿರಲಿಲ್ಲ.

ಒಂದು ದಿನ ಕರಿಹಲಗೆಯ ಮೇಲೆ ಹೀಗೆ ಬರೆದೆ: ಭತ್ತದ ಹೊಲಗಳೆಲ್ಲ ನೀರಾವರಿ ಹೊಲಗಳು; ಈ ಹೊಲ ನೀರಾವರಿ ಹೊಲ; ಆದ್ದರಿಂದ ಇದು ಭತ್ತದ ಹೊಲ. ತರಗತಿಯೆಲ್ಲ ತಲೆಯಾಡಿಸಿತು. ಒಬ್ಬ ಹುಡುಗಿ ಮಾತ್ರ ಎದ್ದು, “ನಮ್ಮ ಹೊಲಕ್ಕೂ ಕಾಲುವೆ ನೀರು ಬರತೈತ್ರಿ ಸರ್, ಆದ್ರ ನಾವು ಮೆಣಸಿನಕಾಯಿ ಹಾಕೀವಿ” ಎಂದಳು. ಎರಡೂ ಆಧಾರವಾಕ್ಯಗಳಲ್ಲಿ ಬರುವ ‘ನೀರಾವರಿ ಹೊಲ’ ಎಂಬ ಮಧ್ಯಪದದ ಇಡೀ ವರ್ಗವನ್ನು ಕುರಿತು ಒಮ್ಮೆಯಾದರೂ ಹೇಳಿರಬೇಕೆಂಬ ನಿಯಮಕ್ಕೆ ಅವಳ ಒಂದೇ ಮಾತು ಜೀವ ಕೊಟ್ಟಿತು.

ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನವು ಹೇತು, ಅಂದರೆ ವಾದಕ್ಕೆ ಕೊಡುವ ಕಾರಣ, ಕೆಡುವ ಇಂಥ ಬಗೆಯನ್ನು ಸವ್ಯಭಿಚಾರ ಎನ್ನುತ್ತದೆ: ಸಾಧಿಸಬೇಕಾದದ್ದು ಇಲ್ಲದ ಕಡೆಯೂ ಹೇತು ಸಿಗುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಹಸಿ ಕಟ್ಟಿಗೆ ಒಟ್ಟಿದಾಗ ಒಲೆ ಹೊಗೆಯಾಡುತ್ತದೆ, ನಿಗಿನಿಗಿ ಕೆಂಡವಾದಾಗ ಹೊಗೆಯಿಲ್ಲ. ಆ ಹಸಿತನವನ್ನೇ ನೈಯಾಯಿಕರು ಉಪಾಧಿ, ಅಂದರೆ ಹೇಳದೆ ಉಳಿದ ಷರತ್ತು, ಎಂದರು. ಅವರ ಈ ಸೂಕ್ಷ್ಮ ನನಗೆ ಬಹಳ ಪ್ರಿಯ.

ಆ ವರ್ಷವೇ ಮಕ್ಕಳನ್ನು ಅಶೋಕನ ಶಾಸನವಿರುವ ಮಸ್ಕಿಯ ಬಂಡೆಯ ಬಳಿಗೆ ಕರೆದೊಯ್ದೆ. 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್, ಶಾಸನಗಳ ‘ದೇವಾನಂಪಿಯ ಪಿಯದಸಿ’ ಸಿಂಹಳದ ಅರಸನಿರಬೇಕೆಂದು ಮೊದಲು ಭಾವಿಸಿದ್ದರು, ಏಕೆಂದರೆ ‘ದೇವಾನಂಪಿಯ’ (ಸಂಸ್ಕೃತದಲ್ಲಿ ದೇವಾನಾಂಪ್ರಿಯ, ದೇವರಿಗೆ ಪ್ರಿಯನಾದವನು) ಎಂಬ ಬಿರುದು ಅಲ್ಲಿನ ಅರಸ ತಿಸ್ಸನಿಗೂ ಇತ್ತು. ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಆ ಎಣಿಕೆ ಬೇಗನೆ ತಿದ್ದಲ್ಪಟ್ಟಿತಾದರೂ, ಬಿರುದಿನ ಜೊತೆಗೇ ಅಶೋಕನ ಹೆಸರನ್ನು ಕಲ್ಲಿನಲ್ಲಿ ಕಂಡದ್ದು 1915ರಲ್ಲಿ, ಈ ಮಸ್ಕಿಯಲ್ಲಿಯೇ. ‘ಅಶೋಕನು ದೇವಾನಾಂಪ್ರಿಯ, ಇದನ್ನು ಬರೆಸಿದವನು ದೇವಾನಾಂಪ್ರಿಯ, ಆದ್ದರಿಂದ ಬರೆಸಿದವನು ಅಶೋಕ’ ಎಂಬ ವಾದವನ್ನು ಬಂಡೆಯ ಮುಂದೆಯೇ ನೋಟ್‌ಬುಕ್ಕಿನಲ್ಲಿ ಬರೆಸಿದೆ. ತೀರ್ಮಾನ ನಿಜ, ಆದರೆ ಈ ದಾರಿ ಅಲ್ಲಿಗೆ ಒಯ್ಯುವುದಿಲ್ಲ ಎಂಬುದನ್ನು ಅರಗಿಸಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತು ಕೊಡಲೇಬೇಕು.

ಈಗ ನಾನು ನಿಯಮವನ್ನು ಆಮೇಲೆ ಹೇಳುತ್ತೇನೆ. ಮೂರು ವಾಕ್ಯ ಬರೆದು ತಿರುಗುವಷ್ಟರಲ್ಲಿ, ಯಾವುದಾದರೊಂದು ಬೆಂಚಿನಿಂದ “ಇಲ್ಲೊಬ್ಬ ತಿಸ್ಸ ಅದಾನ್ರಿ ಸರ್” ಎಂಬ ಮಾತು ಬರುತ್ತದೆ.