ಬೆಟ್ಟ ಹತ್ತೋದು ಮಧ್ಯದಲ್ಲೇ ನಿಂತುಹೋಯಿತಾ?

ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲೇಬೇಕು ಅಂತ ಹಠ ಹಿಡಿದಿದ್ದೆ. ಆರನೇ ವಾರಕ್ಕೆ ಜ್ವರ. ಎರಡು ಭಾನುವಾರ ಹಾಸಿಗೆಯಲ್ಲೇ ಕಳೆದೆ.

ಎದ್ದ ಮೇಲೆ ಬಿಟ್ಟಿದ್ದನ್ನೆಲ್ಲ ಒಂದೇ ಸಲ ತುಂಬಿಸಲು ಹೋಗಬೇಡಿ. ನಾನು ಹೋದೆ, ಇಳಿಯುವಾಗ ಮಂಡಿ ಹಿಡಿದುಕೊಂಡಿತು. ಹತ್ತುವಾಗ ಏದುಸಿರು ಬರುತ್ತದೆ ನಿಜ, ಆದರೆ ಮಂಡಿಗೆ ಭಾರ ಜಾಸ್ತಿ ಬೀಳುವುದು ಇಳಿಯುವಾಗ ಅಲ್ವಾ?

ಈ ವಾರ 300 ಮೆಟ್ಟಿಲಷ್ಟೇ ಹತ್ತಿದೆ. ಮುಂದಿನ ವಾರ ದೊಡ್ಡ ನಂದಿವರೆಗೆ. ಆಮೇಲೆ ತುದಿ, ಇಳಿಯುವುದು ಸಿಟಿ ಬಸ್ಸಿನಲ್ಲಿ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹತ್ತಿದ ಭಾನುವಾರಕ್ಕೆ ಟಿಕ್, ತಪ್ಪಿದ್ದಕ್ಕೆ ಸೊನ್ನೆ. ಸೊನ್ನೆ ಬಂತು ಅಂತ ಹೊಸದಾಗಿ ಎಣಿಸುವುದಿಲ್ಲ, ಲೆಕ್ಕ ಮುಂದುವರಿಯುತ್ತದೆ.

ಮಂಡಿ ಊದಿಕೊಂಡರೆ ಸುಮ್ನೆ ತಡೆದುಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ.