ತುರ್ತು ಸಂಪರ್ಕಕ್ಕೊಂದು ಹ್ಯಾಮ್ ರೇಡಿಯೊ ಚೀಲ

ಕರೆಂಟು ಹೋಗಿ ಮೊಬೈಲ್ ಟವರಿನ ಬ್ಯಾಟರಿಯೂ ಬರಿದಾದ ಮೇಲೆ, ಮಳೆಯಲ್ಲೇ ಒಂದು ಚೀಲ ಹೆಗಲಿಗೇರಿಸಿ ಹೊರಟು, ತಲುಪಿದ ಜಾಗದಲ್ಲಿ ಹದಿನೈದು ನಿಮಿಷದೊಳಗೆ ಇನ್ನೊಬ್ಬ ಹ್ಯಾಮ್‌ನೊಂದಿಗೆ, ಅಂದರೆ ಹವ್ಯಾಸಕ್ಕೆಂದು ಪರವಾನಗಿ ಪಡೆದು ರೇಡಿಯೊ ಬಳಸುವವರೊಂದಿಗೆ, ಮಾತನಾಡಲು ಆಗಬೇಕು. ತುರ್ತು ಕಿಟ್‌ಗೆ ಇದೇ ಪರೀಕ್ಷೆ. ದುಬಾರಿ ರಿಗ್ (ರೇಡಿಯೊ ಯಂತ್ರ) ಕೊಂಡ ಮಾತ್ರಕ್ಕೆ ಇದರಲ್ಲಿ ತೇರ್ಗಡೆಯಾಗುವುದಿಲ್ಲ. ಬ್ಯಾಟರಿ, ಆಂಟೆನಾ ಮತ್ತು ಇವನ್ನು ಜೋಡಿಸುವ ಕೇಬಲ್‌ಗಳ ಮೇಲೆಯೇ ಹೆಚ್ಚಿನ ಗಮನ ಇರಬೇಕು. ನನಗೆ ಇದನ್ನು ಕಲಿಸಿದ್ದು ಒಂದು ಸಣ್ಣ ಅಡಾಪ್ಟರ್. ಬೆಂಗಳೂರಿನ ತುರಹಳ್ಳಿಯ ಗುಡ್ಡದ ಮೇಲೆ ಅಭ್ಯಾಸಕ್ಕೆಂದು ಎಲ್ಲವನ್ನೂ ಹೊತ್ತುಕೊಂಡು ಹೋಗಿ, ಆಂಟೆನಾ ಮೇಲೇರಿಸಿ, ಹ್ಯಾಂಡಿಗೆ, ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೊಗೆ, ಅಡಾಪ್ಟರ್ ಮೂಲಕ ಕೇಬಲ್ ಸಿಕ್ಕಿಸಲು ಹೋದಾಗ ಎರಡೂ ಕಡೆ ನಡುವಿನ ಪಿನ್ನೇ ಇತ್ತು. ಕೆಲವು ಕಂಪನಿಗಳ ಹ್ಯಾಂಡಿಗಳಲ್ಲಿ ಆಂಟೆನಾ ಸಿಕ್ಕಿಸುವ ಎಸ್‌ಎಂಎ ಕನೆಕ್ಟರ್ ಮೇಲ್ (ನಡುವೆ ಪಿನ್), ಇನ್ನು ಕೆಲವರದರಲ್ಲಿ ಫೀಮೇಲ್ (ನಡುವೆ ರಂಧ್ರ) ಇರುತ್ತದೆ, ನಾನು ಎಸ್.ಪಿ. ರಸ್ತೆಯಲ್ಲಿ ಅದನ್ನು ಗಮನಿಸದೆ ಅಡಾಪ್ಟರ್ ಕೊಂಡಿದ್ದೆ. ಅಂಗಡಿಗೆ ಹೋಗುವಾಗ ಹ್ಯಾಂಡಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲೇ ತಿರುಗಿಸಿ ನೋಡಿ ಕೊಳ್ಳುವುದು ಒಳ್ಳೆಯದು.

ಚೀಲ ಕಟ್ಟುವ ಮುನ್ನ ಪರವಾನಗಿ ಇರಬೇಕೆಂದು ಬೇರೆ ಹೇಳಬೇಕಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ಕೊಡುವ ಪರವಾನಗಿಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೀಲದ ಹೊರಜೇಬಿನಲ್ಲಿ ಇಡಿ. ನೆರೆಯ ಸಮಯದಲ್ಲಿ ಆಂಟೆನಾ ಕಟ್ಟುತ್ತಿರುವ ಅಪರಿಚಿತನನ್ನು ಪೊಲೀಸರು ವಿಚಾರಿಸುವುದು ಸಹಜ. ಆಗ ಚೀಲದ ತಳ ಶೋಧಿಸುತ್ತ ನಿಲ್ಲುವುದು ಬೇಡ.

ನಗರದೊಳಗಿನ ಕೆಲಸಕ್ಕೆ 2 ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಸ್, ಸಾಕು. 5 ವ್ಯಾಟ್‌ನ ಹ್ಯಾಂಡಿ ಇದ್ದರೆ ಆರಂಭಿಸಬಹುದು, ಕಾರಿನಲ್ಲಿ ಬಳಸುವಂಥ 25 ವ್ಯಾಟ್‌ನ ಮೊಬೈಲ್ ರಿಗ್ ಇದ್ದರೆ ಇನ್ನೂ ಅನುಕೂಲ. ಆದರೆ ಬೆಂಗಳೂರಿನ ನೆಲ ಸಮತಟ್ಟಾಗಿಲ್ಲ. 2022ರ ಸೆಪ್ಟೆಂಬರಿನ ಮಳೆಗೆ ಮುಳುಗಿದ ಬೆಳ್ಳಂದೂರು, ಯಮಲೂರಿನಂಥ ತಗ್ಗಿನಲ್ಲಿ, ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತಿರುವಾಗ, ಬೀದಿಯಲ್ಲಿ ನಿಂತು ಕರೆದರೆ ರಿಪೀಟರ್ (ಕೇಳಿದ ದನಿಯನ್ನು ಎತ್ತರದಿಂದ ಮತ್ತೆ ಪ್ರಸಾರ ಮಾಡುವ ಯಂತ್ರ) ತೆರೆದುಕೊಳ್ಳುವ ಭರವಸೆ ಇಲ್ಲ. ಹತ್ತಿರದ ಕಟ್ಟಡದ ತಾರಸಿಗೆ ಹತ್ತುವುದರಿಂದ ಸಿಗುವ ಲಾಭ ವ್ಯಾಟ್ ಹೆಚ್ಚಿಸುವುದರಿಂದ ಸಿಗುವುದಿಲ್ಲ. ರಿಪೀಟರಿಗೂ ಕರೆಂಟು ಬೇಕಾದ್ದರಿಂದ, ಅದು ಕೈಕೊಟ್ಟಾಗ ನೇರವಾಗಿ ಮಾತನಾಡಲು ಒಂದೆರಡು ಸಿಂಪ್ಲೆಕ್ಸ್ ಆವರ್ತನಗಳನ್ನು ನಿಮ್ಮ ಗುಂಪಿನವರು ಮೊದಲೇ ಒಪ್ಪಿಕೊಂಡು, ಎಲ್ಲರ ರಿಗ್ಗಿನಲ್ಲೂ ಒಂದೇ ಚಾನೆಲ್ ಸಂಖ್ಯೆಗೆ ತುಂಬಿಸಿಡಬೇಕು.

ಬ್ಯಾಟರಿಯ ಲೆಕ್ಕವನ್ನು ಊಹೆಗೆ ಬಿಡಬಾರದು. 25 ವ್ಯಾಟ್‌ನ ರಿಗ್ ಪ್ರಸಾರ ಮಾಡುವಾಗ ಸುಮಾರು 5 ಆಂಪಿಯರ್, ಬರಿದೆ ಕೇಳುತ್ತಿರುವಾಗ ಅರ್ಧ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 12 ನಿಮಿಷ ಮಾತಾಡಿ 48 ನಿಮಿಷ ಕೇಳಿದರೆ ಮಾತಿಗೆ 1, ಕೇಳುವುದಕ್ಕೆ 0.4, ಒಟ್ಟು 1.4 ಆಂಪಿಯರ್-ಅವರ್ ಖರ್ಚಾಗುತ್ತದೆ. ಹಾಗಾಗಿ 12 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎಂಟು ಗಂಟೆಗೂ ಸ್ವಲ್ಪ ಹೆಚ್ಚು ಬರುತ್ತದೆ. ಯುಪಿಎಸ್‌ನಿಂದ ಬಿಚ್ಚಿದ 7 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಅಗ್ಗವೇನೋ ಹೌದು, ಆದರೆ ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಆಯುಷ್ಯ ಕುಗ್ಗುವುದರಿಂದ ಎರಡೂವರೆ ಗಂಟೆಯಷ್ಟೇ ಅದರ ಮೇಲೆ ಭರವಸೆ ಇಡಬಹುದು. ಮೇಲಾಗಿ ಸುಮಾರು ಎರಡು ಕಿಲೊ ಭಾರ. ಲಿಥಿಯಂ ಬ್ಯಾಟರಿಗೆ ಅದರದೇ 14.6 ವೋಲ್ಟಿನ ಚಾರ್ಜರ್ ಕೊಳ್ಳಿ; ಮನೆಯಲ್ಲಿರುವ ಹಳೆಯ ಚಾರ್ಜರಿನಿಂದಲೇ ಸುಧಾರಿಸುವ ಉಳಿತಾಯ ಬೇಡ. ಬ್ಯಾಟರಿಯ ತುದಿಗೆ ಅಂಟಿದಂತೆಯೇ ಫ್ಯೂಸ್ ಇರಲಿ, ಏಕೆಂದರೆ ಅದು ರಕ್ಷಿಸಬೇಕಾದದ್ದು ಚೀಲದೊಳಗೆ ಮಡಚಿಕೊಂಡಿರುವ ವೈರನ್ನು. ಸೋಲಾರ್ ಪ್ಯಾನೆಲ್ ಜೋಡಿಸುವವರು ಕಂಟ್ರೋಲರನ್ನು ಮೊದಲೇ ಮನೆಯಲ್ಲಿ ಪರೀಕ್ಷಿಸಿ ನೋಡಬೇಕು. ಕೆಲವು ಕಂಟ್ರೋಲರುಗಳು ಎಬ್ಬಿಸುವ ರೇಡಿಯೊ ಗದ್ದಲದಲ್ಲಿ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡಿನ ಕ್ಷೀಣ ದನಿಗಳೆಲ್ಲ ಮುಚ್ಚಿಹೋಗುತ್ತವೆ.

ಹ್ಯಾಂಡಿಯ ಜೊತೆ ಬರುವ ರಬ್ಬರ್ ಆಂಟೆನಾ ಜೇಬಿನಲ್ಲಿಡಲು ಅನುಕೂಲವೇ ಹೊರತು ದೂರ ಮುಟ್ಟುವುದಕ್ಕಲ್ಲ. ಹಿಂದೆ ಟಿವಿ ಆಂಟೆನಾದಿಂದ ಮನೆಯೊಳಗೆ ಇಳಿಯುತ್ತಿದ್ದ ಚಪ್ಪಟೆಯ 300 ಓಮ್ ವೈರ್ ನೆನಪಿದೆಯಲ್ಲ, ಅದರಲ್ಲೇ 2 ಮೀಟರಿಗೆ ಜೆ-ಪೋಲ್ ಆಂಟೆನಾ ಮಾಡಬಹುದು. ಉದ್ದ ಸುಮಾರು ಒಂದೂವರೆ ಮೀಟರ್. ಸುತ್ತಿದರೆ ಅಂಗೈಯಲ್ಲಿ ಹಿಡಿಯುತ್ತದೆ, ತಾರಸಿಯ ಮೇಲೆ ವೈರಿಂಗ್‌ನ ಪಿವಿಸಿ ಪೈಪಿಗೆ ಕಟ್ಟಿ ನಿಲ್ಲಿಸಿದರೆ ಬೇರೆ ಆಂಟೆನಾ ಬೇಕೆನಿಸುವುದಿಲ್ಲ. ಕೇಬಲ್ ಮಾತ್ರ ಅಗತ್ಯಕ್ಕಿಂತ ಉದ್ದ ಬೇಡ. ತೆಳುವಾದ ಆರ್‌ಜಿ-58 ಕೇಬಲ್ ಹತ್ತು ಮೀಟರಿನಲ್ಲೇ ಈ ಬ್ಯಾಂಡಿನ ಶಕ್ತಿಯ ಮೂರನೆಯ ಒಂದು ಪಾಲಿನಷ್ಟನ್ನು ನುಂಗಿಬಿಡುತ್ತದೆ.

ಬೆಂಗಳೂರಿನಿಂದಾಚೆಗೆ, ಕೊಡಗು ಅಥವಾ ಮಲೆನಾಡಿನವರೆಗೆ ಮಾತು ತಲುಪಬೇಕಾದರೆ ಎಚ್‌ಎಫ್ ರಿಗ್ ಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಕೊಡಗಿನಂಥ ಊರುಗಳಲ್ಲಿ ಬೆಟ್ಟಗಳೇ ವಿಎಚ್‌ಎಫ್‌ಗೆ (2 ಮೀಟರ್ ಬ್ಯಾಂಡ್ ಸೇರುವ ವರ್ಗಕ್ಕೆ) ಅಡ್ಡ ನಿಲ್ಲುತ್ತವೆ. ಅಲ್ಲಿಗೆ 7 ಮೆಗಾಹರ್ಟ್ಸ್‌ನ ಡೈಪೋಲನ್ನು (ನಡುವೆ ಕೇಬಲ್ ಜೋಡಿಸಿದ, ಎರಡು ಕೈಗಳ ವೈರ್ ಆಂಟೆನಾ) ಬೇಕೆಂದೇ ತಗ್ಗಿನಲ್ಲಿ, ನಾಲ್ಕೈದು ಮೀಟರ್ ಎತ್ತರದಲ್ಲಿ, ಕಟ್ಟಬೇಕು. ಆಗ ತರಂಗಗಳು ಹೆಚ್ಚು ಕಡಿಮೆ ನೆಟ್ಟಗೆ ಮೇಲಕ್ಕೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ, ಸುತ್ತಲಿನ ಕೆಲವು ನೂರು ಕಿಲೊಮೀಟರಿನ ಮೇಲೆ ಕೊಡೆಯಿಂದ ಇಳಿಯುವ ನೀರಿನಂತೆ ಬೀಳುತ್ತವೆ; ನಡುವಿನ ಬೆಟ್ಟ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಇದೇ ಕೆಲಸಕ್ಕೆ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕಾಗುತ್ತದೆ.

ಡೈಪೋಲಿನ ಉದ್ದಕ್ಕೆ ಸೂತ್ರ ಸುಲಭ: 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಒಟ್ಟು ಉದ್ದ ಬರುತ್ತದೆ. 7.1ಕ್ಕೆ 20 ಮೀಟರಿಗೆ ತುಸು ಹೆಚ್ಚು, ಅಂದರೆ ಒಂದೊಂದು ಕೈ 10 ಮೀಟರ್. ಇಲ್ಲೇ ಬೆಂಗಳೂರಿನವರ ತೊಡಕು ಶುರುವಾಗುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ, ಅಂದರೆ 15 ಮೀಟರ್ ಮಾತ್ರ. ನಡುವನ್ನು ಕಂಬಕ್ಕೆ ಎತ್ತಿ, ಎರಡೂ ಕೈಗಳನ್ನು ಮೂಲೆಗಳತ್ತ ಇಳಿಸಿ, ಉಳಿದ ತುದಿಗಳನ್ನು ಮೂಲೆಯಲ್ಲೇ ಮಡಚಿ ಪ್ಯಾರಾಪೆಟ್ಟಿನ ಗುಂಟ ಕಟ್ಟಿದರೂ ಕೆಲಸ ನಡೆಯುತ್ತದೆ. ಆ ತುದಿಗಳಲ್ಲಿ ಪ್ರಸಾರದ ವೇಳೆ ವೋಲ್ಟೇಜ್ ಹೆಚ್ಚಿರುವುದರಿಂದ ಯಾರ ಕೈಗೂ ಸಿಗದಂತೆ ಕಟ್ಟಬೇಕು. ವೈರನ್ನು ಪ್ರತಿ ಕೈಗೂ ಒಂದಡಿ ಹೆಚ್ಚಾಗಿಯೇ ಕತ್ತರಿಸಿ, ಹೆಚ್ಚಿನದನ್ನು ಹಿಂದಕ್ಕೆ ಮಡಚಿ ಸುತ್ತುತ್ತ, ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾ ರಿಗ್ಗಿಗೆ ಎಷ್ಟು ಹೊಂದಿದೆ ಎಂದು ತೋರಿಸುವುದು) ಒಂದೂವರೆಯ ಆಸುಪಾಸಿಗೆ ಇಳಿಯುವವರೆಗೆ ಸರಿಪಡಿಸಿ. ಕತ್ತರಿಸಿದ ವೈರ್ ಮತ್ತೆ ಬೆಳೆಯುವುದಿಲ್ಲ. ಮರದ ಕೊಂಬೆಗೆ ಹಗ್ಗ ಹಾಯಿಸಲು ಅರ್ಧ ಲೀಟರಿನ ನೀರಿನ ಬಾಟಲಿಗೆ ನೈಲಾನ್ ದಾರ ಕಟ್ಟಿ ಎಸೆದರೆ ಸಾಕು, ಆದರೆ ಎಸೆಯುವ ಮುನ್ನ ತಲೆ ಎತ್ತಿ ನೋಡಿ: ನಮ್ಮ ಬೀದಿಗಳಲ್ಲಿ ಮರವೂ ಬೆಸ್ಕಾಂ ತಂತಿಯೂ ಒಂದನ್ನೊಂದು ತಬ್ಬಿಕೊಂಡೇ ಇರುತ್ತವೆ. ತಂತಿ ಹಾದಿರುವ ಬದಿಯಲ್ಲಿ ಯಾವ ಕಾರಣಕ್ಕೂ ಆಂಟೆನಾ ಕಟ್ಟಬೇಡಿ. ಗುಡುಗು ಕೇಳಿದೊಡನೆ ಕೇಬಲನ್ನು ರಿಗ್ಗಿನಿಂದ ಬಿಚ್ಚಿ ದೂರವಿಡಿ.

ಉಳಿದವು ಚಿಲ್ಲರೆ ಸಾಮಾನು: ಎರಡು ಬಗೆಯ ಎಸ್‌ಎಂಎ ಅಡಾಪ್ಟರ್, ಇನ್ಸುಲೇಷನ್ ಟೇಪ್, ಹೆಚ್ಚುವರಿ ಫ್ಯೂಸ್, ತಲೆಗೆ ಕಟ್ಟುವ ಟಾರ್ಚ್, ಹೆಡ್‌ಫೋನ್. ಜನ ಗಿಜಿಗುಡುವ ಪರಿಹಾರ ಕೇಂದ್ರದಲ್ಲಿ ಹೆಡ್‌ಫೋನ್ ಇಲ್ಲದೆ ಏನೂ ಕೇಳಿಸುವುದಿಲ್ಲ. ಪೆನ್ನಿನ ಬದಲು ಪೆನ್ಸಿಲ್ ಇಡಿ, ಒದ್ದೆ ಕಾಗದದ ಮೇಲೂ ಅದು ಬರೆಯುತ್ತದೆ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ, ವೇಳೆ, ಯಾರಿಂದ, ಯಾರಿಗೆ ಎಂಬುದನ್ನು ಬರೆದುಕೊಂಡು, ಕಳಿಸಿದ ಮೇಲೆ ಆ ಕಡೆಯವರಿಂದ ಮರಳಿ ಓದಿಸಿಕೊಳ್ಳಬೇಕು. "ಇನ್ಸುಲಿನ್ 50" ಎಂಬುದು "15" ಎಂದು ಕೇಳಿಸಿದರೆ ಮರಳಿ ಓದಿಸಿದಾಗಲೇ ಸಿಕ್ಕಿಬೀಳುತ್ತದೆ.

ಹೀಗೆ ಕಟ್ಟಿದ ಚೀಲವನ್ನು ಅಟ್ಟದ ಮೇಲಿಟ್ಟು ಮರೆತರೆ ಬ್ಯಾಟರಿಯೂ ಸಾಯುತ್ತದೆ, ಕೈಗೂ ಅಭ್ಯಾಸ ತಪ್ಪುತ್ತದೆ. ತಿಂಗಳಿಗೊಮ್ಮೆ ಮನೆಯ ಮೇನ್ ಸ್ವಿಚ್ ಆರಿಸಿ, ಸಂಜೆಗತ್ತಲಲ್ಲಿ ತಾರಸಿಗೆ ಹೋಗಿ, ಚೀಲದಲ್ಲಿ ಇರುವುದರಿಂದ ಮಾತ್ರ ಸ್ಟೇಷನ್ ಎಬ್ಬಿಸಿ ನೋಡಿ. ನಡುವೆ ಒಮ್ಮೆಯಾದರೂ ಮನೆಯೊಳಗೆ ಓಡಿ ಏನನ್ನೋ ತರಬೇಕಾಗಿ ಬಂದರೆ, ಆ ವಸ್ತುವನ್ನು ಅಂದೇ ಚೀಲಕ್ಕೆ ಸೇರಿಸಿ. ನನ್ನ ಚೀಲಕ್ಕೆ ಕಳೆದ ಸಲ ಸೇರಿದ್ದು ಓದುವ ಕನ್ನಡಕ.